ಮೂರು ಕೊಪೆಕ್

ವರ್ಷಕ್ಕೊಮ್ಮೆ, ದ್ರಾಕ್ಷಿ ಕೊಯ್ಲು ಮುಗಿದ ಮೇಲೆ,
ರಿಯೋನಿ ಹೊಳೆ ದಾಟಿ ಕುತಾಯಿಸಿಯ ಆ ಏರುಬೀದಿಗೆ
ಚಾವಿಯ ಚೀಲ ಹೆಗಲಿಗೇರಿಸಿ ಬರುತ್ತೇನೆ.
ನನ್ನದು ಶ್ರುತಿ ಕೂಡಿಸುವ ಕೆಲಸ.
ಅಪ್ಪನದೂ ಅದೇ. ಅವನ ಕಿವಿ ಮಂದವಾದ ವರ್ಷ
ಈ ಚಾವಿ ನನಗೆ ಬಂತು, ಜೊತೆಗೆ
ಲಮಾರಾ ಟೀಚರ ವಿಳಾಸ.

ಈ ಸಲ ತಂತಿ ಬಿಗಿದರೆ ಸಾಲದೆ ಮನೆಗಳನ್ನೇ ಎತ್ತಬೇಕಾಯಿತು.
ಎಂಬತ್ತೆಂಟು ಮನೆಯ ಬೀದಿ.
ಕಪ್ಪು ಬಿಳುಪು ಒಂದೊಂದೇ ಕಳಚಿ
ಹಳೆಯ ಕಂಬಳಿಯ ಮೇಲೆ ಸಾಲಾಗಿಟ್ಟೆ.
ಅಡಿಯಲ್ಲಿ, ಧೂಳಿನಲ್ಲಿ,
ಸದ್ದಿಲ್ಲದ ಒಂದು ಸಂಸಾರ:
ಹನ್ನೊಂದು ಹೇರ್‌ಪಿನ್ನು, ಕಿತ್ತಳೆ ಬೀಜ,
ಯಾವ ಮಗುವಿನದೋ ಹಾಲುಹಲ್ಲು,
ತಾರದ ಕೊನೆಯಲ್ಲಿ ಹೆಪ್ಪುಗಟ್ಟಿದ ಮೇಣದ ಹನಿ,
ಮತ್ತೆ ಒಂದು ನಾಣ್ಯ.
ಮೂರು ಕೊಪೆಕ್. ಅದನ್ನು ಅಚ್ಚುಹಾಕಿದ ದೇಶವೂ ಈಗಿಲ್ಲ.

‘ಇಲ್ಲಿತ್ತೇನೋ ಇದು!’
ಸೆರಗಿಲ್ಲದ ಊರು; ಸ್ವೆಟರಿನ ತೋಳಿಗೇ ಒರೆಸಿಕೊಂಡರು.

ಒಂಬತ್ತಕ್ಕೆ ಅವರನ್ನು ತ್ಬಿಲಿಸಿಗೆ ಕಳಿಸಿದ್ದು.
ರಾತ್ರಿ ರೈಲು, ಕೈಯಲ್ಲಿ ಚೀಸ್ ರೊಟ್ಟಿ,
ಕೋಟಿನ ಗುಂಡಿಗೆ ಕಟ್ಟಿದ ಹೆಸರಿನ ಚೀಟಿ.
ಕ್ಸೇನಿಯಾ ಅರ್ಕಾದ್ಯೆವ್ನಾ ಕೈಬೆನ್ನ ಮೇಲೆ ಈ ಕಾಸಿಟ್ಟು
‘ನುಡಿಸು’ ಎಂದರಂತೆ.
ಬಿತ್ತೋ, ಮತ್ತೆ ಮೊದಲಿಂದ.
ಬೈಗುಳಿಲ್ಲ, ಬೆತ್ತವಿಲ್ಲ,
ಮರದ ನೆಲಕ್ಕೆ ಕಾಸು ಬಿದ್ದ ಸದ್ದೇ ಸಾಕು.
ಎರಡು ಚಳಿಗಾಲ ಹೀಗೆ, ಬರೀ ಏರಿಕೆ ಇಳಿಕೆ.
ಮೂರನೆಯ ಚಳಿಗಾಲ ಬೀಳಲಿಲ್ಲ.
ಪಾಠ ಮುಗಿದರೂ ಗುರು ಅದನ್ನು ತೆಗೆದುಕೊಳ್ಳಲು ಮರೆತರು,
ಇಲ್ಲವೆ ಮರೆತಂತೆ ಮಾಡಿದರು.

ರೀಗಾದ ಮಾತು ಟೀಚರು ಎತ್ತುವುದಿಲ್ಲ.
ಅಪ್ಪ ಹೇಳಿದ್ದು ನನಗೆ ಗೊತ್ತು:
ಸ್ಪರ್ಧೆ, ಇಪ್ಪತ್ತಮೂರರ ಹುಡುಗಿ, ಮೂರು ದನಿಯ ಫ್ಯೂಗು.
ಎರಡು ದನಿ ಒಳಗೆ ಬಂದವು,
ಮೂರನೆಯದು ಹೊಸ್ತಿಲಲ್ಲೇ ನಿಂತುಬಿಟ್ಟಿತು.
ಕೈಯೆತ್ತಿ ಮಡಿಲಲ್ಲಿಟ್ಟುಕೊಂಡು ಕೂತಳಂತೆ,
ಎದ್ದು ತಲೆಬಾಗಿ ನಡೆದಳಂತೆ.
ಇವತ್ತು, ನಾಣ್ಯ ಕೈಲಿದ್ದ ಧೈರ್ಯಕ್ಕೆ, ಕೇಳಿಯೇಬಿಟ್ಟೆ.
‘ಮರೆತದ್ದಲ್ಲಪ್ಪ.
ಮೂರನೆಯದು ನನಗೆ ಎಷ್ಟು ಚೆನ್ನಾಗಿ ಕೇಳಿಸಿತೆಂದರೆ
ನುಡಿಸಬೇಕಾದವಳು ನಾನೇ ಎಂಬುದು ಹೊಳೆಯಲಿಲ್ಲ.’
ಸುಳ್ಳಿರಬಹುದು.
ವರ್ಷವರ್ಷ ಕೂದಲೆಳೆಯಷ್ಟು ತಿರುವಿ ತಿರುವಿ
ಶ್ರುತಿಗೆ ತಂದ ಸುಳ್ಳು. ನಾನು ಅದೇ ಕಸುಬಿನವನು,
ಗುರುತು ಸಿಗುತ್ತದೆ.

ಆಮೇಲೆ ನಲವತ್ತೊಂದು ವರ್ಷ,
ಎರಡನೇ ನಂಬರಿನ ಸಂಗೀತ ಶಾಲೆ, ಮನೆಯಲ್ಲಿ ಸಂಜೆ ಪಾಠ.

ಈ ಪಿಯಾನೊಕ್ಕೆ ಮೇಲಿನ ಮುಚ್ಚಳವಿಲ್ಲ.
ಕರೆಂಟಿಲ್ಲದ, ರೊಟ್ಟಿಗೆ ನಡುರಾತ್ರಿ ಸರದಿ ನಿಂತ ಆ ಚಳಿಗಾಲ
ಜೋಳದ ಹಿಟ್ಟಿನ ನಾಲ್ಕು ಮೂಟೆ ಕೊಡುತ್ತೇನೆಂದು
ಒಬ್ಬ ಟ್ರಕ್ಕು ತಂದು ನಿಲ್ಲಿಸಿದ್ದ.
ಟೀಚರು ಅವನಿಗೆ ಟೀ ಕೊಟ್ಟು ಕಳಿಸಿದರು.
ಆ ಟೀಗೆ ಉರಿದದ್ದೇ ಮುಚ್ಚಳ.
ಉಳಿದರ್ಧ, ಪರೀಕ್ಷೆಗೆ ಕೂರಬೇಕಿದ್ದ ಬಾದ್ರಿಯ
ಬೆರಳು ಕಾಯಿಸಲಿಕ್ಕೆ. ತುದಿ ಕತ್ತರಿಸಿದ ಗವುಸಿನಲ್ಲಿ
ಮೇಣದ ಬೆಳಕಿನಲ್ಲಿ ಹುಡುಗ ಪಾಸಾದ.
ಈಗ ಬಾತುಮಿ ರಸ್ತೆಯಲ್ಲಿ ಟ್ಯಾಕ್ಸಿ ಓಡಿಸುತ್ತಾನೆ.
ಭಾನುವಾರ ಬಂದು ಒಂದು ತಾಸು ನುಡಿಸಿ ಹೋಗುತ್ತಾನೆ,
ಯಾರಿಗೂ ಅಲ್ಲ.

ಕಲಾವಿದರ ಪಿಯಾನೊ ನೋಡಿದ್ದೇನೆ, ನಡುವಿನ ಮನೆಗಳು ಸವೆದಿರುತ್ತವೆ.
ಇಲ್ಲಿ ಸವೆದದ್ದು ಬಲತುದಿಯ ಮರ,
ಮನೆಗಳೆಲ್ಲ ಮುಗಿದ ಮೇಲೆ, ಸ್ವರವೇ ಇಲ್ಲದ ಜಾಗ.
ಪಕ್ಕದ ಕುರ್ಚಿಯಿಂದ ಪೆನ್ಸಿಲಿನಲ್ಲಿ
ತಾಳ ಕುಟ್ಟಿ ಕುಟ್ಟಿ ಬಿದ್ದ ಹೊಂಡ.
ಹೆಬ್ಬೆರಳು ಇಟ್ಟು ನೋಡಿದೆ. ಕೂತುಕೊಂಡಿತು.

ಕತ್ತಲಾಗುವ ಹೊತ್ತಿಗೆ ಮನೆಗಳೆಲ್ಲ ಬೀದಿಗೆ ಮರಳಿದವು.
ಕೂಲಿಗೆ ಲಾರಿ ನೋಟು, ಹುಳಿ ಪ್ಲಮ್ಮಿನ ಚಟ್ನಿಯ ಶೀಶೆ.
ಹೊರಡಬೇಕು. ಹೊರಡಗೊಡಲಿಲ್ಲ.
‘ಕೂರು’ ಎಂದರು. ‘ಕೈ.’
ಐವತ್ತೆಂಟರ ನನ್ನ ಒರಟು ಕೈಬೆನ್ನ ಮೇಲೆ
ತಣ್ಣಗೆ ಆ ಕಾಸು.
ನನಗೆ ಬರುವುದು ಷಡ್ಜ ಪಂಚಮದ ಪರೀಕ್ಷೆಯಷ್ಟೇ ಎಂದೆ.
‘ಅದೇ ನುಡಿಸು.’

ನಾಲ್ಕನೆಯ ಸ್ವರಕ್ಕೆ ಜಾರಿತು,
ಅಂಚಿನಲ್ಲಿ ಒಂದು ಸುತ್ತು ಸುತ್ತಿ
ಎರಡು ಮನೆಗಳ ಸಂದಿಯಲ್ಲಿ ಇಳಿದುಹೋಯಿತು,
ಎಲ್ಲಿಂದ ತೆಗೆದಿದ್ದೆನೋ ಅಲ್ಲಿಗೇ.

ಚಾವಿಗೆ ಕೈ ಹಾಕಿದೆ.
‘ಬರುವ ವರ್ಷ ತೆಗೆದರಾಯಿತು ಬಿಡು’ ಎಂದು
ಟೀಚರು ಪೆನ್ಸಿಲು ಹುಡುಕತೊಡಗಿದರು,
‘ಈಗ, ಮೊದಲಿಂದ.’