ಒಂದು ಬಾಯಿ ನೀರು

ಮೊದಲ ದಿನ ತಾಂಡೇಲ್ ಸರ್ ಬೂಟು ಕೊಡಲಿಲ್ಲ, ಅಂಗಿ ಕೊಡಲಿಲ್ಲ.
ಕಟಿಂಗ್ ಚಹಾದ ಒಂದು ಗ್ಲಾಸು ಕೊಟ್ಟರು,
ಅದರ ನಡುವಿಗೆ
ಹೆಂಡತಿಯ ನೇಲ್ ಪಾಲಿಶಿನಿಂದ ಎಳೆದ ಕೆಂಪು ಗೆರೆ.
"ಗೆರೆಯತನಕ ನೀರು ಬಾಯಿಗೆ ಹಾಕಿಕೋ. ನುಂಗಬೇಡ.
ಶಿವಡಿ ಕೋಟೆಯ ಏರು ಹತ್ತಿ ಇಳಿದು ಬಾ.
ಬಂದು ಇದರಲ್ಲೇ ಉಗಿ. ಗೆರೆ ಮುಟ್ಟಬೇಕು."

ಅರ್ಧ ಏರಿನಲ್ಲೇ ನುಂಗಿದೆ.
ಎರಡನೇ ದಿನ ಕೆಮ್ಮು, ಮೂಗಿನಿಂದ ಬಂತು ನೀರು.
ಮೂರನೇ ದಿನ ಕೋಟೆ ಹಿಂದಿನ ನಲ್ಲಿಯಲ್ಲಿ
ಹೊಸದಾಗಿ ತುಂಬಿಕೊಂಡು ಬಂದು ಗೆರೆ ಮುಟ್ಟಿಸಿದೆ.
ಸರ್ ಗ್ಲಾಸನ್ನು ಬೆಳಕಿಗೆ ಹಿಡಿದರು, ಬೆರಳು ಅದ್ದಿದರು.
"ಬಾಯಲ್ಲಿದ್ದ ನೀರು ಬೆಚ್ಚಗಿರುತ್ತದೆ, ಮಗಳೇ."
ಅಷ್ಟೇ.

ನಮ್ಮ ಖೋಲಿಯಲ್ಲಿ ಏಳು ಜನ,
ಬಾಡಿಗೆಯವನಿಗೆ ಬಾಡಿಗೆಯವರು.
ಮೆಟ್ಟಿಲಲ್ಲಿ ಮಾಲೀಕನ ಚಪ್ಪಲಿ ಸದ್ದಾದರೆ
ಅವ್ವನ ಕೈ ನನ್ನ ಬಾಯಿಗೆ: "ಉಸಿರೆತ್ತಬ್ಯಾಡ."
ಶಾಲೆಗೆ ಹೊರಟರೆ: "ಇಲ್ಲೇ ಇರ್ತೀವಿ ಅಂತ ಯಾರ ಮುಂದೂ ಉಸಿರಬ್ಯಾಡ."
ಹೀಗೆ ಉಸಿರದೆ ಬೆಳೆದವಳಿಗೆ
ಈ ಮನುಷ್ಯ ಮೈದಾನದಲ್ಲಿ ನಿಲ್ಲಿಸಿ
ನನ್ನ ಕೈಯನ್ನೇ ನನ್ನ ಪಕ್ಕೆಗೆ ಇಡಿಸಿ ಹೇಳುತ್ತಾನೆ:
"ಎದೆ ಎತ್ತಬೇಡ. ಉಸಿರು ಎತ್ತು.
ಕೊಡ ತುಂಬಿದ ಹಾಗೆ, ತಳದಿಂದ."

ಕೊಡ ತುಂಬುವುದು ನನಗೆ ಗೊತ್ತಿತ್ತು.
ಬೆಳಗಿನ ನಾಲ್ಕಕ್ಕೆ, ನೀರು ಬರುವ ಮೊದಲು
ಪೈಪು ಗಾಳಿ ಉಗುಳುತ್ತದಲ್ಲ
ಆ ಸದ್ದನ್ನೇ ಹೊಟ್ಟೆಯಲ್ಲಿ ಹುಡುಕಿದೆ. ಸಿಕ್ಕಿತು, ಎರಡು ತಿಂಗಳಾದ ಮೇಲೆ.

ಮೂರು ಹೆಜ್ಜೆಗೆ ಒಳಗೆ, ನಾಲ್ಕು ಹೆಜ್ಜೆಗೆ ಹೊರಗೆ.
ಟ್ರಕ್ಕಿನ ಹೊಗೆ ಬಂದರೆ ಬಿಡುವ ಲೆಕ್ಕ ಉದ್ದ ಮಾಡು.
ಖಾಡಿಯ ಕೆಸರಲ್ಲಿ ರಾಜಹಂಸಗಳು ನಿಂತ ಕಾಲಕ್ಕೆ
ಎಣಿಸುತ್ತ ಓಡಿದೆ, ಎಣಿಕೆ ತಪ್ಪಿದ್ದು ಒಂದೇ ಸಲ,
ಇಡೀ ಹಿಂಡು ಎದ್ದು ಗಾಳಿ ಗುಲಾಬಿಯಾದಾಗ.

"ಕಬಡ್ಡಿ ಅನ್ನುವುದು ಕೂಗಲ್ಲ,
ಜೋರಾಗಿ ಕೂಗುವವಳು ಬೇಗ ಖಾಲಿ.
ಅಂಪೈರಿಗೆ ಕೇಳಿದರೆ ಸಾಕು, ತುಟಿಯಲ್ಲೇ, ನೂಲು ಬಿಟ್ಟ ಹಾಗೆ.
ಗಡಿಯಾರ ಕೇಳುವುದು ಮೂವತ್ತು ಸೆಕೆಂಡು,
ನೀನು ನಲವತ್ತು ಇಟ್ಟುಕೊಂಡಿರು.
ಹತ್ತು ಭಯಕ್ಕೆ ಖರ್ಚಾಗುತ್ತದೆ."

ಆರನೇ ವರ್ಷ, ಪ್ರಭಾದೇವಿಯಲ್ಲಿ ಫೈನಲ್ಲು, ದೀಪದ ಕೆಳಗೆ.
ಒಂದು ಪಾಯಿಂಟು ಹಿಂದೆ. ಕೊನೆಯ ರೇಡು ನನ್ನದು.
ಪಿಂಪರಿಯ ಹುಡುಗಿಯರು, ತೊಡೆ ಒಂದೊಂದೂ ಒನಕೆ.
ಒಬ್ಬಳನ್ನು ಮುಟ್ಟಿದೆ, ತಿರುಗಿದೆ,
ಎಡಮೂಲೆಯವಳು ಕಣಕಾಲಿಗೆ ಬಿದ್ದಳು.
ಅವಳನ್ನು ಎಳೆದುಕೊಂಡೇ ಚಾಚಿದೆ.
ಉಸಿರಿತ್ತು. ಇವತ್ತಿಗೂ ಆಣೆ ಮಾಡುತ್ತೇನೆ,
ಭಯಕ್ಕೆಂದು ಇಟ್ಟ ಹತ್ತೂ ಹಾಗೇ ಇತ್ತು.
ನಡುಗೆರೆ ಎರಡು ಬೆರಳು ದೂರ.
ಅವಳ ಗದ್ದ ನನ್ನ ಮೊಣಕಾಲಿಗೆ ಬಡಿಯಿತು.
"ಯವ್ವಾ!" ಅಂದಳು.

ಗೆರೆ ಬಿಟ್ಟು
ನನ್ನ ಬಾಯಿ ತಾನಾಗಿ ಕೇಳಿತು:
"ಯಾವೂರವ್ವಾ?"

ಸೀಟಿ.

ಜನ ನಕ್ಕರು. ನಮ್ಮವರು ಅತ್ತರು.
ಒಬ್ಬಳು ನನ್ನ ಚೀಲ ಒದ್ದಳು, ಅದು ಸರಿಯೇ.
ಸರ್ ಬೈಯಲಿಲ್ಲ. ಗ್ಲಾಸು ತಂದರು,
ಕೆಂಪು ಗೆರೆ ಈಗ ಅರ್ಧ ಅಳಿಸಿತ್ತು.
ತುಂಬಿಕೊಂಡೆ,
ಕುರ್ಚಿ ಮಡಿಸುತ್ತಿದ್ದ ಮೈದಾನದ ಸುತ್ತ ಓಡತೊಡಗಿದೆ.

ಎರಡನೇ ತಿರುವಿನಲ್ಲಿ ಪಕ್ಕದಲ್ಲಿ ಇನ್ನೊಂದು ಹೆಜ್ಜೆ.
ಗದ್ದಕ್ಕೆ ಐಸು ಒತ್ತಿಕೊಂಡು ಅವಳು.
"ಸಿಂದಗಿ ಕಡೇದವ್ರರೀ ನಾವು. ನಿಮ್ದ ಯಾವೂರು?"
ಬಾಯ್ತುಂಬ ನೀರು ನನಗೆ.
ಮೂರಕ್ಕೆ ಒಳಗೆ, ನಾಲ್ಕಕ್ಕೆ ಹೊರಗೆ.
"ಸಿಟ್ಟ ಬಂತೇನ್ರಿ?"
ತಲೆಯಾಡಿಸಿದೆ. ಇಲ್ಲ ಅಂತಲೋ, ಹೂಂ ಅಂತಲೋ.
ಅವಳು ಗೆದ್ದವಳು, ಆದರೂ ಬಾಯಿ ತೆರೆದು
ನಾಯಿಯಂತೆ ಏದುತ್ತಿದ್ದಳು, ಹೆಜ್ಜೆ ಒಂದಕ್ಕೊಂದು ಕೂಡುತ್ತಿರಲಿಲ್ಲ.
ತಡೆಯದೆ ಬೆರಳೆತ್ತಿ
ಮೂಗು ತೋರಿಸಿದೆ.