ಅಚ್ಚುಮನೆಯವನಿಗೆ, ಬುಕಾವುದಿಂದ

ನಿನ್ನ ಹೆಸರು ಗೊತ್ತಿಲ್ಲ. ಊರೂ.
ಕೈ ಮಾತ್ರ ಗೊತ್ತು.
ಮೂರು ವರ್ಷದಿಂದ ನಿನ್ನ ಕೈಚಳಕವನ್ನೇ
ಭೂತಗನ್ನಡಿಯಡಿ ಓದುತ್ತ ಕೂತವಳು ನಾನು.

ಮೊದಲ ಸಲ ನೀನು ಅವಸರದಲ್ಲಿದ್ದೆ.
ಕ್ವಿನೈನ್ ಡಬ್ಬಿಯ ಮೇಲೆ, ಫ್ರೆಂಚ್ ಅಕ್ಷರವೊಂದರ ನೆತ್ತಿಗೆ
ಇರಬೇಕಿದ್ದ ಪುಟ್ಟ ಗೀಟು ಮರೆತಿದ್ದೆ.
ಬೆಳ್ಳಿ ಮುದ್ರೆ ಉಗುರು ತಾಕಿದರೆ ಎದ್ದುಬರುತ್ತಿತ್ತು,
ಮಾತ್ರೆ ನಾಲಿಗೆಗೆ ಸಪ್ಪೆ.
ನಾವು ಬರೆದೆವು: ಗೀಟು ನೋಡಿ, ಮುದ್ರೆ ಕೆರೆದು ನೋಡಿ,
ಸಪ್ಪೆಯಿದ್ದರೆ ಉಗಿಯಿರಿ.
ಸುತ್ತೋಲೆ ಗೋಮಾಕ್ಕೆ ಹೋಯಿತು, ಉವಿರಾಕ್ಕೆ ಹೋಯಿತು,
ಔಷಧಿ ಅಂಗಡಿಗಳ ಗೋಡೆಯೇರಿತು.
ನಿನ್ನ ಮೇಜಿಗೂ ಬಂತೆಂದು ಆಗ ಹೊಳೆಯಲಿಲ್ಲ.

ಎರಡನೆಯ ಸಲ ಗೀಟು ಇತ್ತು.
ಮೂರನೆಯ ಸಲ ಮುದ್ರೆ ಕಚ್ಚಿಕೊಂಡು ಕೂತಿತ್ತು.
ನಾನೇ ನಿನಗೆ ಟೀಚರಾದೆ,
ಕೆಂಪು ಶಾಯಿಯಲ್ಲಿ ತಪ್ಪು ಗುರುತಿಸಿ
ಮನೆಗೆ ಕಳಿಸಿದೆ ಕಾಪಿ ಪುಸ್ತಕ.
ಎಷ್ಟು ಜಾಣ ವಿದ್ಯಾರ್ಥಿ!

ಈ ಸಲ ಕಹಿಯೂ ಇದೆ.
ಯಾವ ಸೊಪ್ಪು ಅರೆದೆಯೋ, ಯಾವ ಕಾಂಡ ಕುದಿಸಿದೆಯೋ,
ನಾಲಿಗೆಯ ಮೇಲಿಟ್ಟರೆ ಕಣ್ಣು ಮುಚ್ಚುವಷ್ಟು ಕಹಿ.
ಬೆಳ್ಳಗಿದ್ದುದೆಲ್ಲ ಹಾಲಲ್ಲ, ಸರಿ;
ಕಹಿಯಿದ್ದುದೆಲ್ಲ ಮದ್ದೆಂದು ನಂಬಿದ ಜನಕ್ಕೆ
ಏನು ಹೇಳಲಿ?
ಕಿಟಕಿಯಾಚೆ ಗುಡ್ಡದ ಮೇಲೆ
ಕ್ವಿನೈನಿನ ಮರಗಳೇ ನಿಂತಿವೆ.
ಹೆಂಗಸರು ತೊಗಟೆ ಸುಲಿದು ರಸ್ತೆಯಂಚಿಗೆ ಒಣಹಾಕುತ್ತಾರೆ.
ಅದು ಲಾರಿಯೇರಿ ಎಲ್ಲಿಗೋ ಹೋಗುತ್ತದೆ.
ನಿನ್ನದು ಎಲ್ಲಿಂದಲೋ ದೋಣಿಯೇರಿ ಬರುತ್ತದೆ.

ಇಜ್ವಿ ದ್ವೀಪದ ನರ್ಸ್ ಚಿಬಲೊಂಜಾ
ಡಬ್ಬಿಯನ್ನು ತಲೆವಸ್ತ್ರದಲ್ಲಿ ಸುತ್ತಿ ತಂದಿದ್ದಳು.
ಜೊತೆಗೆ ಅವಳ ದಾಖಲೆ ಪುಸ್ತಕ.
ಒಂದು ಪುಟ ತೆರೆದು ತೋರಿಸಿದಳು:
ಮುಗೋಲಿ, ಆರು ವರ್ಷ, ಹದಿನೇಳು ಕಿಲೋ.
ಸೋಮವಾರ ಜ್ವರ. ಮಂಗಳವಾರ ಜ್ವರ.
ಬುಧವಾರದ ಎದುರು, ಅವಳೇ ಬರೆದು ಅವಳೇ ಹೊಡೆದುಹಾಕಿದ ಸಾಲು.
ಆಮೇಲೆ ಪುಟ ಖಾಲಿ.
"ತೂಕ ತಪ್ಪು ನೋಡಿದೆನಾ? ಲೆಕ್ಕದಲ್ಲಿ ತಪ್ಪಿದೆನಾ?
ಇನ್ನೊಮ್ಮೆ ಭಾಗಿಸಿ ನೋಡು," ಎಂದಳು.
ಭಾಗಿಸಿದೆ. ಸರಿಯಿತ್ತು.
ಮತ್ತೆ ಭಾಗಿಸು ಎಂದಳು.

ಮಾತ್ರೆ ಅರೆದು, ಕರಗಿಸಿ, ಸೋಸಿ,
ಕೂದಲೆಳೆಯಂಥ ಕೊಳವೆಯಿಂದ
ಬಿಳಿ ಹಲಗೆಯ ಬುಡದಲ್ಲಿ ಎರಡು ಚುಕ್ಕಿಯಿಟ್ಟೆ:
ಎಡಕ್ಕೆ ಅಸಲು, ಬಲಕ್ಕೆ ನಿನ್ನದು.
ಜಾಡಿಯ ದ್ರವ ಮೆಲ್ಲಗೆ ಮೇಲೇರಿತು,
ಬತ್ತಿಗೆ ಎಣ್ಣೆ ಏರಿದ ಹಾಗೆ.
ಒಣಗಿಸಿ, ಕತ್ತಲ ಪೆಟ್ಟಿಗೆಯೊಳಗಿಟ್ಟು ದೀಪ ಹಾಕಿದೆ.
ಎಡಗಡೆ, ಮೂರು ಬೆರಳು ಮೇಲೆ,
ಒಂದು ನೀಲಿ ಚುಕ್ಕಿ ಮೂಡಿತು.
ಬಲಗಡೆ ರಾತ್ರಿ.
ಚಿಬಲೊಂಜಾ ಬಹಳ ಹೊತ್ತು ನೋಡಿದಳು.
"ಹಾಗಾದರೆ ನಾನಲ್ಲ," ಎಂದಳು.
ಆಮೇಲೆ, "ಕೊಟ್ಟ ಕೈ ಮಾತ್ರ ನನ್ನದೇ."

ಇವತ್ತು ವರದಿ ಬರೆಯುತ್ತಿದ್ದೇನೆ.
ಅಚ್ಚುಮನೆಯವನೇ, ಈ ಸಲ ಪಾಠವಿಲ್ಲ.
ಡಬ್ಬಿಯ ಯಾವ ಮೂಲೆಯಲ್ಲಿ ನೀನು ಜಾರಿದ್ದೀ
(ಜಾರಿದ್ದೀ, ನನಗೆ ಕಂಡಿದೆ)
ಅದನ್ನು ಗೋಡೆಗೆ ಅಂಟಿಸುವುದಿಲ್ಲ.
ಬ್ಯಾಚ್ ನಂಬರ್ ಬರೆಯುತ್ತೇನೆ. ದೋಣಿಯ ಹೆಸರು, ದಡದ ಹೆಸರು,
ರಸೀದಿ ಕೇಳದೆ ಇಳಿಸಿಕೊಂಡವನ ಹೆಸರು.
ಎಷ್ಟು ಕೈ ದಾಟಿ ಬಂತೋ
ಅಷ್ಟೂ ಕೈಗಳನ್ನು ಹಿಂದಕ್ಕೆ ಎಣಿಸುತ್ತ ಬರುತ್ತೇನೆ,
ನಿನ್ನದು ಸಿಗುವವರೆಗೆ.

ಆದರೆ ಮೊದಲು ದ್ವೀಪ.
ಇಳಿದದ್ದು ಇನ್ನೂರ ನಲವತ್ತು ಡಬ್ಬಿ.
ಚಿಬಲೊಂಜಾ ಮನೆಮನೆಯ ಬಾಗಿಲು ತಟ್ಟಿ
ಸಂಜೆಯ ದೋಣಿಗೆ ಹಾಕಿ ಕಳಿಸಿದ್ದು ಇನ್ನೂರ ಮೂವತ್ತೊಂದು.
ಕೆಲವರು ಕೊಡಲೊಲ್ಲರಂತೆ:
ದುಡ್ಡು ತೆತ್ತು ತಂದದ್ದು, ನೆಕ್ಕಿ ನೋಡು ಬೇಕಾದರೆ, ಎಷ್ಟು ಕಹಿ.

ಒಂಬತ್ತು.
ಸರೋವರದಾಚೆ ದೀಪಗಳು ಹತ್ತುತ್ತಿವೆ.
ಯಾವುದೋ ಒಂದರ ಕೆಳಗೆ ಯಾರೋ
ಹೇಳಿಕೊಟ್ಟ ಹಾಗೆಯೇ, ಗಡಿಯಾರ ನೋಡಿ,
ಮಾತ್ರೆಯನ್ನು ಸರಿಯಾಗಿ ಅರ್ಧಕ್ಕೆ ಮುರಿಯುತ್ತಿದ್ದಾರೆ.
ಮೊದಲ ದೋಣಿ ಬೆಳಗಿನ ಐದಕ್ಕೆ.