ಒಂಬತ್ತನೆಯ ದೋಣಿ

ವಾಲ್ಪರೈಸೊದ ಗುಡ್ಡದ ಮೇಲೆ ಜುಲೈ, ಅಂದರೆ ಚಳಿಗಾಲ.
ಹಗ್ಗದ ರೈಲು ರಿಪೇರಿಗೆ ನಿಂತು ಮೂರು ವಾರ.
ನೂರ ಅರವತ್ತೆರಡು ಮೆಟ್ಟಿಲು ಹತ್ತಿ, ಏದುಸಿರಲ್ಲೇ
ಅಂಚೆ ತೆರೆದರೆ ಲಿಂಕೊಯಾನನ ನಾಲ್ಕು ಸಾಲು, ದಕ್ಷಿಣದ ದ್ವೀಪದಿಂದ:

"ಸಂಜೆ ದೋಣಿಗಳ ಹಾಜರಿ ಕರೆಯುವಾಗ
ನಿಮ್ಮ ಭಾಷೆ ಸತ್ತುಹೋಯಿತು.
ದೋಣಿಗಳೆಲ್ಲ ಬಂದಿವೆ, ಗಾಬರಿ ಬೇಡ.
ಎಣಿಕೆಯೊಂದೇ ಬಂದಿಲ್ಲ."

ನಮ್ಮ ಭಾಷೆ ಆಡುವುದಲ್ಲ, ಯಂತ್ರಕ್ಕೆ ಬರೆಯುವುದು.
ಸಂತೆಯಲ್ಲಿ ಕಟ್ಟು ಕಟ್ಟಾಗಿ ಮಾರುವ ಕಡಲ ಪಾಚಿಯ ಹೆಸರಿಟ್ಟು
ಇಲಾಬಾಕನೂ ನಾನೂ ಹನ್ನೊಂದು ವರ್ಷ ಸಾಕಿದ್ದು.
"ಕೂತ ಕೊಂಬೆಯನ್ನೇ ಕಡಿದಿದ್ದೀರಿ, ಕೈಪಿಡಿ ಓದಿ"
ಎಂದು ಬರೆದೆ. ಅಳಿಸಿದೆ.

ಇಟರೇಟರ್ ಅಂದರೆ ಏನು ಮಹಾ?
ಪಟ್ಟಿಯ ಮನೆಮನೆಗೂ ಹೋಗಿ ಕದ ತಟ್ಟಿ
"ಮುಂದಿನವರು?" ಅನ್ನುವ ಆಳು.
ಅವನಿಗೆ ಗೊತ್ತಿರುವುದು ಒಂದೇ, ಈಗ ನಿಂತ ಹೊಸ್ತಿಲು.
ಕೇರಿಯಲ್ಲಿ ಎಂಟು ಮನೆಗೆ ಜಾಗ.
ಒಂಬತ್ತನೆಯದು ಬಂತೋ, ಕೇರಿಗೆ ಕೇರಿಯೇ ಗುಳೆ ಎದ್ದು
ದೊಡ್ಡ ಬಯಲಲ್ಲಿ ನೆಲೆಸುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ.
ಆಳಿಗೆ ಯಾರೂ ಹೇಳುವುದಿಲ್ಲ.
ಅವನು ಹಳೆಯ ಹೊಸ್ತಿಲಲ್ಲೇ ನಿಂತು ತಟ್ಟುತ್ತಾನೆ.

ಆ ಸಂಜೆ ಐದನೆಯ ಹೆಸರು ಕರೆಯುವ ಹೊತ್ತಿಗೆ
ಮಂಜಿನಿಂದ ಹೊರಬಂದು ರೇಡಿಯೋದಲ್ಲಿ ಕೆಮ್ಮಿ
"ನಾನೂ ಇದ್ದೇನೆ" ಅಂದಿತ್ತಂತೆ ರೊಸಾಲ್ಬಾ.
ಒಂಬತ್ತನೆಯ ದೋಣಿ. ಹಳೆಯದನ್ನೇ ಹೊಸದಾಗಿ ಕೊಂಡದ್ದು.

ನನ್ನ ಯಂತ್ರದಲ್ಲಿ ಓಡಿಸಿದೆ. ಬೀಳಲಿಲ್ಲ.
ಇನ್ನೂರು ಸಲ ಓಡಿಸಿದೆ. ಬೀಳಲಿಲ್ಲ.
ಬಿಟ್ಟುಹೋದ ಮನೆಯಲ್ಲಿ ಒಲೆ ಇನ್ನೂ ಬೆಚ್ಚಗಿತ್ತು,
ಗೋಡೆಯ ಮೇಲೆ ಹಳೆಯ ಹೆಸರು ಹಾಗೇ ಇತ್ತು;
ಆಳು ಅದನ್ನೇ ಓದಿಕೊಂಡು, ಸರಿ ಅಂದು ನಡೆದಿದ್ದ.
ಸುಳ್ಳು ಸರಿ. ಬೀಳುವುದಕ್ಕಿಂತ ಕೆಟ್ಟದ್ದು.

ತೆರವಾದ ಜಾಗಕ್ಕೆಲ್ಲ ಸುಣ್ಣ ಸುರಿಯುವ ಸಾಧನವೊಂದಿದೆ, ಹಚ್ಚಿದೆ.
ಮೊದಲ ಸುತ್ತಿಗೇ ಬಿತ್ತು.
ಚಪ್ಪಾಳೆ ತಟ್ಟಿದೆ. ಬೆಕ್ಕು ಎದ್ದು ಹೋಯಿತು.
ಬಿದ್ದದ್ದಕ್ಕೆ ಹಿಗ್ಗುವ ಕಸುಬು.

ದುರಸ್ತಿ ಏಳೇ ಸಾಲು.
ಆಳಿನ ಕೈಗೆ ಹೊಸ್ತಿಲ ಬದಲು ಅಂಕಿಯೊಂದನ್ನು ಕೊಟ್ಟೆ:
ನೀನೀಗ ಐದನೆಯವನ ಬಳಿ,
ಅವನ ಮನೆ ಎಲ್ಲಿದೆಯೆಂದು ಪ್ರತಿ ಸಲವೂ ಕೇಳಿಕೋ.

ಇಲಾಬಾಕ ಒಪ್ಪಲಿಲ್ಲ. ಕೆಳಗೆ ಬಂದರಿನಿಂದ ಫೋನು,
ಅವನ ಹಿಂದೆ ಕಡಲಕ್ಕಿಗಳ ಜಗಳ:
"ಮೂರನೆಯ ಮನೆಯನ್ನು ನಡುವೆ ಕಿತ್ತರೆ?
ಆರನೆಯವನು ಐದಕ್ಕೆ ಸರಿಯುತ್ತಾನೆ,
ನೀನು ಅವನನ್ನು ಕರೆಯುವುದೇ ಇಲ್ಲ.
ಅವನು ಇನ್ನೂ ನೀರಿನಲ್ಲಿದ್ದರೆ?"

ಫೋನಿಟ್ಟೆ. ಉತ್ತರವಿರಲಿಲ್ಲ.
ಆ ರಾತ್ರಿ ಪಟ್ಟಿಯ ಕೊರಳಿಗೆ ಗಂಟೆ ಕಟ್ಟಿದೆ.
ಯಾರು ಬಂದರೂ, ಯಾರು ಹೋದರೂ ಒಮ್ಮೆ ಅಲ್ಲಾಡುತ್ತದೆ;
ಹೆಜ್ಜೆ ಎತ್ತುವ ಮುನ್ನ ಆಳು ಕಿವಿಗೊಡಬೇಕು,
ಗಂಟೆ ಕೇಳಿದರೆ ನಿಲ್ಲಬೇಕು, ಸಾಯಬಾರದು, ಹೇಳಬೇಕು.

ಏನೆಂದು ಹೇಳಬೇಕು? ಅದಕ್ಕೇ ಎರಡು ದಿನ ಹಿಡಿಯಿತು.
"ಅಮಾನ್ಯ ಸ್ಥಿತಿ": ಸುಂಕದ ಕಟ್ಟೆಯ ಗುಮಾಸ್ತನ ಮಾತು, ಹೊಡೆದುಹಾಕಿದೆ.
"ನಾನು ಎಣಿಸುತ್ತಿರುವಾಗ ಪಟ್ಟಿ ಬದಲಾಯಿತು.
ಮೊದಲಿನಿಂದ ಎಣಿಸಲೇ?"
ಪ್ರಶ್ನೆಯನ್ನು ಇಲಾಬಾಕ ತೆಗೆಸಿದ.
ಯಂತ್ರ ಅಂಗಲಾಚಬಾರದಂತೆ.

ಆಮೇಲೆ ಟೆಸ್ಟು. ಎಂಟು ದೋಣಿ,
ಐದನೆಯದರ ಬಳಿ ನುಗ್ಗುವ ಇನ್ನೊಂದು.
ದುರಸ್ತಿ ತೆಗೆದು ಓಡಿಸಿದೆ, ಬಿತ್ತು.
ಇಟ್ಟು ಓಡಿಸಿದೆ, ನಿಂತಿತು. ಮತ್ತೆ ತೆಗೆದೆ, ಮತ್ತೆ ಬಿತ್ತು.
ಬೀಳಲಾರದ ಟೆಸ್ಟು ಬರೀ ಹೊಗಳುಭಟ್ಟ.
ಹೆಸರು ಕೇಳುವ ಜಾಗದಲ್ಲಿ ರೊಸಾಲ್ಬಾ ಎಂದು ಬರೆದೆ.

ಮೊನ್ನೆ ಲಿಂಕೊಯಾನ್ ಬರೆದಿದ್ದ, ಬೇರೇನೋ ವಿಷಯಕ್ಕೆ.
ಕೊನೆಯಲ್ಲೊಂದು ಮಾತು: ಹಲಗೆಗೆ ಹುಳ ಹಿಡಿದು
ರೊಸಾಲ್ಬಾ ಹೋದ ಚಳಿಗಾಲ ಸೌದೆಯಾಯಿತು,
ಚೆನ್ನಾಗಿ ಉರಿಯಿತು.

ಇಲ್ಲಿ ಯಾರು ಒಂದು ಅಲ್ಪವಿರಾಮ ತಿದ್ದಿದರೂ
ಗೊತ್ತಿಲ್ಲದ ಊರುಗಳ ಯಂತ್ರಗಳಲ್ಲಿ, ರಾತ್ರಿಯೆಲ್ಲ,
ಐದನೆಯ ಹೆಸರು ಕರೆಯುವ ಹೊತ್ತಿಗೆ ಸರಿಯಾಗಿ
ಅದು ಮಂಜಿನಿಂದ ಹೊರಬರುತ್ತದೆ,
ಕೆಮ್ಮುತ್ತದೆ.
ಎಣಿಸುವವನು ನಿಲ್ಲುತ್ತಾನೆ.